ಮುದ್ರೆಯ ಕೆಳಗಿನ ತಾರೀಖು

"ಐಡಾ, ನಾನೊಬ್ಬ ಮನುಷ್ಯನನ್ನ ಕೊಂದಿದೀನಾ ಇಲ್ವಾ, ಅದೊಂದು ಹೇಳು."

ಲೊರೆಟಾ ಕ್ವಿಗ್ ಬಾಗಿಲಲ್ಲಿ ನಿಂತೇ ಕೇಳಿದಳು. ವೆಂಡೆಲ್ ಕಾಫಿ ಲೋಟ ಕೆಳಗಿಟ್ಟ. ಶಾಲೆಯ ಬಸ್ಸು ಓಡಿಸುವ ಕೆಲಸ ಮುಗಿದು, ಹೆಂಡತಿಯೂ ತೀರಿಕೊಂಡ ಮೇಲೆ ಅವನು ದಿನಾ ಬೆಳಿಗ್ಗೆ ಐಡಾ ಬ್ರಕ್ನರಳ ಅಡುಗೆಮನೆಗೆ ಬಂದು ಕೂರುತ್ತಿದ್ದ. ಇನ್ನೆಲ್ಲಿಗೆ ಹೋಗಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಐಡಾ ಎಂಜಿನಿಯರುಗಳ ಪರವಾನಗಿ ಮಂಡಳಿಯಲ್ಲಿ ಮೂವತ್ತು ವರ್ಷ ತನಿಖೆ ಮಾಡಿ ನಿವೃತ್ತಳಾದವಳು. ಪೂರ್ವ ಒರೆಗಾನಿನ ಆ ಗೋಧಿ ಸೀಮೆಯಲ್ಲಿ ಎಲ್ಲಿ ಮೋಸದ ವಾಸನೆ ಬಂದರೂ ಜನ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಅವಳು ಹೊರಟಾಗ ಕಾರು ಓಡಿಸುವವನು ವೆಂಡೆಲ್.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಜುಲೈ ಒಂಬತ್ತರಂದು ಎರಡು ಧಾನ್ಯ ಗೋಪುರಗಳ ನಡುವಿನ ಕಬ್ಬಿಣದ ಕಾಲುದಾರಿ ಮುರಿದು, ಯುಸೇಬಿಯೋ ಟಿನೋಕೋ ಎಂಬ ಕೂಲಿಯಾಳು ಎಂಬತ್ತು ಅಡಿ ಎತ್ತರದಿಂದ ಬಿದ್ದು ಸತ್ತಿದ್ದ. ಪತ್ರಿಕೆಗೆ ಅವನು ಬರೀ 'ಒಬ್ಬ ಕಾರ್ಮಿಕ'. ಕಾಲುದಾರಿ ಕಟ್ಟಿದ್ದು ಗ್ರಾಂಟ್ ಮೇಬರಿಯ ಕಂಪನಿ. ವಿಚಾರಣೆ ಶುರುವಾದ ಕೂಡಲೇ ಮೇಬರಿ ಒಂದು ನಕ್ಷೆ ಹೊರತೆಗೆದ. ಅದರ ಮೇಲೆ, ಈ ಲೆಕ್ಕಕ್ಕೆ ನಾನೇ ಹೊಣೆ ಎಂದು ಸಾರುವಂತೆ, ಅವನ ಕಛೇರಿಯಲ್ಲೇ ಎಂಜಿನಿಯರಾಗಿ ದುಡಿಯುವ ಲೊರೆಟಾಳ ಮುದ್ರೆ, ಸಹಿ, ಮೇ ಇಪ್ಪತ್ತರ ತಾರೀಖು.

"ನೀನು ಹಾಕಿದ್ಯಾ?" ಎಂದಳು ಐಡಾ.

"ನೆನಪಿಲ್ಲ ಕಣೆ. ವಾಲ್ಟರ್ ಹೋದ ಮೇಲೆ ಯಾವುದೂ ತಲೇಲಿ ನಿಲ್ತಿಲ್ಲ. ಸಹಿ ತೋರಿಸಿದ್ರು. ನನ್ನ ಕೈಬರಹವೇ. ಮುಖ ತಿರುಗಿಸಿಬಿಟ್ಟೆ, ಎರಡನೇ ಸಲ ನೋಡೋಕೆ ಧೈರ್ಯ ಬರಲಿಲ್ಲ." ಅವಳ ಅಂಗಿಯ ಗುಂಡಿಗಳು ಒಂದೊಂದು ತೂತು ತಪ್ಪಿ ಸಿಕ್ಕಿದ್ದವು. ಗಂಡ ವಾಲ್ಟರ್ ತೀರಿಕೊಂಡ ಮೇಲೆ ಮನೆಯಲ್ಲಿ ಅದನ್ನು ಹೇಳುವವರು ಯಾರೂ ಇರಲಿಲ್ಲ. "ಜೈಲಾದರೂ ಹೋಗ್ತೀನಿ. ಆದರೆ ಹಾಕಿದ್ದು ನಾನೇನಾ ಅಂತ ಗೊತ್ತಾಗಬೇಕು."

ಲೊರೆಟಾಳನ್ನು ಬಿಟ್ಟರೆ ಮೇಬರಿಯ ಕಛೇರಿಯಲ್ಲಿ ಇದ್ದವರು ಮೂವರು. ಮಾಲೀಕ ಗ್ರಾಂಟ್, ಕಿರಿಯ ಎಂಜಿನಿಯರ್ ಟೋಬಿ, ಕಾಗದಪತ್ರ ನೋಡಿಕೊಳ್ಳುವ ಮಾರ್ಲಿಸ್. ಲೊರೆಟಾಳ ರಬ್ಬರ್ ಮುದ್ರೆ ಬೀಗವಿಲ್ಲದ ಡ್ರಾಯರಿನಲ್ಲಿ ಬಿದ್ದಿರುತ್ತಿತ್ತು. ಯಾರ ಕೈಗಾದರೂ ಸಿಗುವಂಥದ್ದು.

"ಪಾಪದ ಹೆಂಗಸು," ಎಂದ ಗ್ರಾಂಟ್, ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತ. "ವಯಸ್ಸಾಯ್ತು, ಒಂಟಿ ಬೇರೆ. ತಪ್ಪು ಯಾರಿಗೆ ಆಗಲ್ಲ ಹೇಳಿ?"

ವೃತ್ತಾಕಾರದ ಮುದ್ರೆ, ಅಡ್ಡಕ್ಕೆ ಸಹಿ. ಅದರ ಕೆಳಗೆ ಕೈಯಲ್ಲಿ ಬರೆದ ಒಂದು ಸಾಲು: 'ಮುಗಿಯುವುದು ಜೂನ್ ೩೦, ೨೦೨೬.'

"ಇದೇನು ಈ ಸಾಲು?" ಐಡಾ ಏನೂ ತಿಳಿಯದವಳ ಹಾಗೆ ಕೇಳಿದಳು.

"ಅದಾ? ಮುದ್ರೆಯ ಬಾಲ. ಅವಳು ಹಾಕೋ ಎಲ್ಲಾದರಲ್ಲೂ ಇರುತ್ತೆ ಬಿಡಿ."

ಹೊರಗಿನ ಕೋಣೆಯಲ್ಲಿ ಅದೇ ಪ್ರಶ್ನೆಗೆ ಟೋಬಿ ಬೇರೆ ಥರ ಹೇಳಿದ. "ಪರವಾನಗಿ ಮುಗಿಯೋ ದಿನ ಮೇಡಂ. ಎರಡು ವರ್ಷಕ್ಕೊಂದು ಸಲ ಮೂವತ್ತು ಗಂಟೆ ಪಾಠಕ್ಕೆ ಕೂತು ಪ್ರಮಾಣಪತ್ರ ಕೊಟ್ಟರೇನೇ ಹೊಸ ದಿನ ಸಿಗೋದು. ಮೂವತ್ತು! ಕತ್ತೆ ಚಾಕರಿ."

ಅವನ ಬೆನ್ನ ಹಿಂದೆ ಗೋಡೆಗೆ ಒಂದು ಪಟ್ಟಿ ಅಂಟಿಸಿತ್ತು. ಅದರಲ್ಲಿ ಎರಡೇ ಹೆಸರು, ಒಂದೊಂದರ ಮುಂದೆ ಮೂವತ್ತು ಮನೆ. ಟೋಬಿಯವಕ್ಕೆಲ್ಲ ಗೀಟು ಬಿದ್ದಿತ್ತು. ಲೊರೆಟಾಳ ಕೊನೆಯ ನಾಲ್ಕಕ್ಕೆ ಕೆಂಪು ಶಾಯಿ.

"ಆ ನಾಲ್ಕು ಗಂಟೆಗೆ ಏಪ್ರಿಲ್‌ನಿಂದ ಬಾಯಿ ಬಡ್ಕೊಂಡಿದೀನಿ ಕಣ್ರೀ," ಎಂದಳು ಮಾರ್ಲಿಸ್. "ಮುಗಿಸಿದ್ದು ಜೂನ್ ಇಪ್ಪತ್ತೆಂಟಕ್ಕೆ! ಇನ್ನೆರಡು ದಿನ ಆಗಿದ್ರೆ ಪರವಾನಗೀನೇ ಹೋಗ್ತಿತ್ತು. ಟೋಬಿಯಂತೂ ದಿನಾ ಚುಡಾಯಿಸ್ತಿದ್ದ."

"ಆಮೇಲೆ ಅವಳು ಮುದ್ರೆ ಹಾಕಿದ ನಕ್ಷೆಗಳು ಎಷ್ಟು?"

"ಒಂದೇ. ಶಾಲೆಯ ಚರಂಡಿದು, ಜುಲೈ ಐದನೇ ತಾರೀಖಿನದು."

ಐಡಾ ಅದನ್ನೂ ಕೇಳಿ ಪಡೆದಳು. ಮನೆಗೆ ಮರಳುವಾಗ ಮೈಲಿಗಟ್ಟಲೆ ಕೊಯ್ದ ಗೋಧಿಯ ಕೂಳೆ. ಎದುರಿಗೆ ಒಂದು ವಾಹನವೂ ಬರಲಿಲ್ಲ. "ಗೊತ್ತಾಯ್ತಾ?" ಎಂದು ವೆಂಡೆಲ್ ಕೇಳಿದ. "ಒಂದು ಬಿಟ್ಟು ಎಲ್ಲ ಗೊತ್ತಾಯ್ತು. ಆ ನಾಲ್ಕು ಗಂಟೆ ಅವಳು ಯಾಕೆ ಉಳಿಸ್ಕೊಂಡಿದ್ಲು?" ಎಂದಳು ಐಡಾ.

ಶುಕ್ರವಾರ ಮಧ್ಯಾಹ್ನ ಅದೇ ಕಛೇರಿಯಲ್ಲಿ ಎಲ್ಲರನ್ನೂ ಸೇರಿಸಿದಳು. ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಶೆರಿಫನ ಕಡೆಯ ಅಧಿಕಾರಿ ಬಂದಿದ್ದ. ಸತ್ತವನ ಅಕ್ಕ ಒಫೇಲಿಯಾ ಆಲೂಗಡ್ಡೆ ಕಾರ್ಖಾನೆಯ ಪಾಳಿ ಮುಗಿಸಿ, ತಲೆಯ ಬಲೆಟೋಪಿಯನ್ನೂ ತೆಗೆಯದೆ ಬಂದು ಕೂತಿದ್ದಳು.

"ನಕ್ಷೆಯ ತಾರೀಖು ಮೇ ಇಪ್ಪತ್ತು," ಐಡಾ ಆರಂಭಿಸಿದಳು. "ಆ ದಿನ ಲೊರೆಟಾಳ ಪರವಾನಗಿ ಮುಗಿಯೋದು ಇದೇ ವರ್ಷ, ಎರಡು ಸಾವಿರದ ಇಪ್ಪತ್ತನಾಲ್ಕರ ಜೂನ್ ಮೂವತ್ತಕ್ಕೆ. ಇಲ್ಲಿ ಬರೆದಿರೋದು ಇಪ್ಪತ್ತಾರು."

"ಮೊದಲೇ ನವೀಕರಿಸಿರಬಹುದಲ್ಲ?" ಎಂದ ಅಧಿಕಾರಿ. "ಎಷ್ಟೋ ಜನ ವಸಂತದಲ್ಲೇ ಮುಗಿಸ್ತಾರೆ. ಅದಕ್ಕೇ ನಾವು ಆ ಕಡೆ ನೋಡಲಿಲ್ಲ."

"ಲೊರೆಟಾ ಮುಗಿಸಿರಲಿಲ್ಲ. ಯಾಕೆ ಅಂತ ಅವಳೇ ಹೇಳಲಿ."

ಲೊರೆಟಾ ಮೇಜಿನತ್ತ ನೋಡುತ್ತಲೇ ಹೇಳಿದಳು. "ಕಂಪ್ಯೂಟರಿನಲ್ಲಿ ಪಾಠ ಹೇಳೋ ಹೆಂಗಸು ಒಬ್ಬಳು. ಊಟಕ್ಕೆ ಕೂತಾಗ ಅವಳ ಪಾಠ ಹಾಕ್ಕೊಳ್ತಿದ್ದೆ. 'ಇಲ್ಲಿವರೆಗೆ ಅರ್ಥ ಆಯ್ತಾ' ಅಂತ ನಡುನಡುವೆ ಕೇಳ್ತಾಳೆ. ವಾಲ್ಟರ್ ಹೋದ ಮೇಲೆ ಆ ಮನೇಲಿ ನನ್ನನ್ನ ಏನಾದ್ರೂ ಕೇಳಿದ್ದು ಅವಳೊಬ್ಬಳೇ. ಆ ನಾಲ್ಕು ಗಂಟೆ ಮುಗಿದ್ರೆ ಅವಳೂ ಹೋಗಿಬಿಡ್ತಾಳೆ ಅಂತ ಉಳಿಸ್ಕೊಂಡೆ."

ಮಾರ್ಲಿಸ್ ತಲೆ ತಗ್ಗಿಸಿದಳು. ಟೋಬಿ ಅಂಗೈಯಿಂದ ಬಾಯಿ ಒರೆಸಿಕೊಂಡ. ವೆಂಡೆಲ್‌ಗೆ ತನ್ನ ಮನೆಯ ರೇಡಿಯೋ ನೆನಪಾಯಿತು. ಹವಾಮಾನ ಓದುವವನಿಗೆ ತಾನು ಉತ್ತರ ಕೊಡುವುದನ್ನು ಅವನೂ ಯಾರಿಗೂ ಹೇಳಿರಲಿಲ್ಲ.

"ಅಂದ್ರೆ ಜೂನ್ ಇಪ್ಪತ್ತೆಂಟರವರೆಗೆ ಅವಳ ಮಟ್ಟಿಗೆ ಇಪ್ಪತ್ತಾರರ ಜೂನ್ ಅನ್ನೋ ತಾರೀಖೇ ಹುಟ್ಟಿರಲಿಲ್ಲ," ಐಡಾ ಮುಂದುವರಿಸಿದಳು. "ಈ ಮುದ್ರೆ ಆಮೇಲೆ ಬಿದ್ದದ್ದು. ಯಾರು ಹಾಕಿದ್ರು?" ಎರಡೂ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಎರಡು ಸಹಿಗಳೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದರೊಳಗೊಂದು ಸೇರಿಕೊಂಡವು. "ಯಾರೂ ಎರಡು ಸಲ ಹೀಗೆ ಅಚ್ಚು ಹೊಡೆದ ಹಾಗೆ ಸಹಿ ಹಾಕಲ್ಲ. ಚರಂಡಿ ನಕ್ಷೆಯ ಮೇಲೆ ಕಾಗದ ಇಟ್ಟು ತಿದ್ದಿದಾರೆ. ತನ್ನ ಸಹೀನ ತಾನೇ ತಿದ್ದೋಕೆ ಲೊರೆಟಾಗೆ ಏನು ಕರ್ಮ? ಟೋಬಿ ಪಾಠಕ್ಕೆ ಕೂತವನು, ಮಾರ್ಲಿಸ್ ಪಟ್ಟಿ ಬರೆದವಳು. ಮೇ ತಿಂಗಳ ಸುಳ್ಳು ಬರೆಯೋದಾಗಿದ್ರೆ ಇಬ್ಬರೂ ಹಳೇ ವರ್ಷಾನೇ ಬರೀತಿದ್ರು. ಕೊನೇ ಸಾಲನ್ನ ಅರ್ಥ ಗೊತ್ತಿಲ್ಲದೆ ನಕಲು ಮಾಡೋನು, ಅದನ್ನ ಬಾಲ ಅನ್ನೋನು ಇಲ್ಲಿ ಒಬ್ಬನೇ."

ಗ್ರಾಂಟ್ ನಕ್ಕ. ನಗು ಅರ್ಧಕ್ಕೆ ನಿಂತಿತು. "ಕೊಯ್ಲು ಹತ್ತಿರ ಬಂದಿತ್ತು ಕಣ್ರೀ! ಎಂಜಿನಿಯರ್, ನಕ್ಷೆ, ಒಪ್ಪಿಗೆ ಅಂತ ಆರು ವಾರ ಯಾರು ಕಾಯ್ತಾರೆ? ಹತ್ತಾರು ಇಂಥವು ಕಟ್ಟಿದೀನಿ, ನಿಂತಿದಾವೆ!"

"ಅಂದ್ರೆ ಇದಕ್ಕೆ ನಕ್ಷೆ ಅನ್ನೋದೇ ಇರಲಿಲ್ಲ," ಎಂದಳು ಐಡಾ. "ಆಳು ಸತ್ತ ಮೇಲೆ ಬರೆಸಿದ್ರಿ. ತಪ್ಪು ಹೊರಿಸೋಕೆ ಹಿಂದೆ ಮುಂದೆ ಯಾರೂ ಇಲ್ಲದವಳನ್ನ ಹುಡುಕಿದ್ರಿ."

ಅಧಿಕಾರಿ ಗ್ರಾಂಟನನ್ನು ಎಬ್ಬಿಸಿದ. ಅವರು ಹೊರಗೆ ಹೋದರು. ಒಫೇಲಿಯಾ ಲೊರೆಟಾಳ ಕಡೆ ತಿರುಗಿ, "ಹಾಗಾದ್ರೆ ಅದು ಎಷ್ಟು ಭಾರ ತಡೆಯುತ್ತೆ ಅಂತ ಲೆಕ್ಕ ಹಾಕಿದ್ದು ಯಾರು?" ಎಂದಳು.

"ಯಾರೂ ಇಲ್ಲಮ್ಮ."

"ನಿಮಗೆ ಬರುತ್ತಲ್ಲ. ಈಗ ಹಾಕಿ."

ಮುರಿದ ಕಬ್ಬಿಣದ ಅಳತೆಗಳು ಅಧಿಕಾರಿ ಮೇಜಿನ ಮೇಲೆ ಬಿಟ್ಟುಹೋದ ಕಡತದಲ್ಲಿದ್ದವು. ಲೊರೆಟಾ ಪೆನ್ಸಿಲು ತಗೊಂಡಳು. ಕಾಲು ಗಂಟೆಯಲ್ಲಿ ಎರಡು ಹಾಳೆ ತುಂಬಿತು. ಕೊನೆಯ ಅಂಕಿಯ ಕೆಳಗೆ ಅವಳು ಗೆರೆ ಎಳೆದಳು.

"ಇಬ್ಬರು," ಎಂದಳು. "ಇಬ್ಬರು ನಿಲ್ಲಬಹುದಿತ್ತು."

"ಆರು ಜನಾನ ಹತ್ತಿಸಿದ್ರು."

"ನನ್ನ ಕಿಟಕಿಯಿಂದ ಅದು ಕಾಣುತ್ತೆ ಒಫೇಲಿಯಾ. ಕಟ್ಟೋದನ್ನ ದಿನಾ ನೋಡಿದೀನಿ. ಲೆಕ್ಕ ಯಾರದು ಅಂತ ಒಂದು ದಿನಾನೂ ಎದ್ದು ಹೋಗಿ ಕೇಳಲಿಲ್ಲ."

ಒಫೇಲಿಯಾ ಕ್ಷಮಿಸಿದೆ ಎನ್ನಲಿಲ್ಲ. ಹಾಳೆಗಳನ್ನು ಎತ್ತಿಕೊಂಡು, ತನಗೆ ಓದಲು ಬಾರದ ಆ ಅಂಕಿಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇದನ್ನ ಕೋರ್ಟಲ್ಲಿ ನಿಂತು ಓದ್ತೀರಾ? ಎದ್ದು ಹೋಗಿ ಕೇಳಲಿಲ್ಲ ಅಂದ್ರಲ್ಲ, ಆ ಮಾತೂ ಸೇರಿಸಿ?"

"ಓದ್ತೀನಿ," ಎಂದಳು ಲೊರೆಟಾ.