ಬೀಜಗಣಿತಕ್ಕೆ ಮುಂಚಿನ ಜಗಳ

"ಇದೂ ಬೇಡ," ಎಂದು ಯೋಗೀಶ್ ಪುಸ್ತಕವನ್ನು ಜಗಲಿಯ ಮೇಲೆ ನನ್ನತ್ತ ತಳ್ಳಿದರು.

ನನಗೆ ಮೈಯೆಲ್ಲ ಉರಿಯಿತು. ತಿಪಟೂರಿನಿಂದ ಹಾಲ್ಕುರಿಕೆಗೆ ಉರಿಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದವಳಿಗೆ, ಕೂತ್ಕೊಳ್ಳಿ ಅನ್ನುವ ಮೊದಲೇ ಬೇಡ ಅನ್ನುವ ಗಂಡಸು ಇವರೊಬ್ಬರೇ.

"ಇದಕ್ಕೇನಾಗಿದೆ?"

"ಎಲ್ಲಾ ಬಣ್ಣದ ಚಿತ್ರ. ಲೆಕ್ಕ ಎಲ್ಲೈತೆ? ಮದ್ವೆ ಆಲ್ಬಮ್ ಇದ್ದಂಗೈತೆ ಕಣ್ರೀ."

"ಹೋದ ವಾರದ್ದರಲ್ಲಿ ಬರೀ ಲೆಕ್ಕ ಇತ್ತು. ಅದೂ ಬೇಡ ಅಂದ್ರಿ."

"ಅದ್ನ ನೋಡಿದ್ರೆ ನಂಗೇ ಜ್ವರ ಬತ್ತದೆ."

"ಅಮೆರಿಕದ ವಿಡಿಯೋ ಕೋರ್ಸು?"

"ಅದ್ರಲ್ಲಿ ಭಿನ್ನರಾಶಿ ಅಂತ ಬೆಳಗ್ಗಿಂದ ಸಂಜೆಗಂಟ ಪಿಜ್ಜಾ ಹೆಚ್ತಾರೆ."

ಇವರ ಮಗಳು ಸೌಂದರ್ಯ, ಏಳನೇ ಕ್ಲಾಸಿನ ವಯಸ್ಸು, ತಾಯಿಯಿಲ್ಲದ ಮಗು. ಋಣ ಸಂಖ್ಯೆ ಬರಲಿಲ್ಲವೆಂದು ಮೇಷ್ಟ್ರೊಬ್ಬರು ಬೆಂಚಿನ ಮೇಲೆ ನಿಲ್ಲಿಸಿದ ದಿನದಿಂದ ಅವಳು ಶಾಲೆಗೆ ಕಾಲಿಟ್ಟಿಲ್ಲ. ಮನೆಯಲ್ಲೇ ಓದಲಿ ಎಂದು ಅಪ್ಪ ಹಟ ಹಿಡಿದರು. ಉಳಿದದ್ದೆಲ್ಲ ಅವಳೇ ಓದಿಕೊಳ್ಳುತ್ತಾಳೆ. ಬೀಜಗಣಿತಕ್ಕೆ ಮುಂಚೆ ಗಟ್ಟಿಯಾಗಬೇಕಾದ ಗಣಿತಕ್ಕೆ ಮಾತ್ರ ಒಳ್ಳೆಯ ಪಠ್ಯಕ್ರಮ ಬೇಕು, ಆರಿಸಿಕೊಡಿ ಎಂದು ನನ್ನನ್ನು ಕರೆಸಿದ್ದರು. ನಾನು ಜೀವಿತಾ, ತಿಪಟೂರಿನಲ್ಲಿ ಗಣಿತದ ಟ್ಯೂಷನ್ ಮಾಡುವವಳು. ಮದುವೆಯಾಗಿಲ್ಲ, ಬಾಯಿ ಸ್ವಲ್ಪ ಜೋರು.

ಒಳಗಿನಿಂದ ಯೋಗೀಶರ ತಾಯಿ ಪುಟ್ಟಗೌರಮ್ಮ ಕೂಗಿದರು. "ಇವತ್ತು ಪಾಠ ಸುರುವಾಗ್ಲಿಲ್ಲ ಅಂದ್ರೆ ನಾಳೆ ಮಗೀನ ಹಾಸ್ಟೆಲ್‌ಗೆ ಬುಟ್ಟು ಬತ್ತೀನಿ ಕಣಪ್ಪ. ನಂಗೆ ಸಾಕಾಯ್ತು."

ಆಕೆ ಹೇಳಿದರೆ ಮಾಡುವವರು. ಯೋಗೀಶರ ಮುಖ ಸಣ್ಣಗಾಯಿತು. ಆದರೂ ನನ್ನನ್ನು ದುರುಗುಟ್ಟಿಕೊಂಡೇ ನೋಡಿದರು. ಆ ನೋಟ ಮೊದಲು ನನ್ನ ಹಣೆಯ ಬೆವರಿಗೆ ಬಂತು, ಆಮೇಲೆ ಕೆನ್ನೆಗೆ ಅಂಟಿದ ಕೂದಲಿಗೆ ಬಂದು ಅಲ್ಲೇ ನಿಂತಿತು. ನನಗೆ ಅದು ಇಷ್ಟವಾಯಿತು. ಅದಕ್ಕೇ ಸಿಟ್ಟು ಇನ್ನೂ ಏರಿತು.

"ನೋಡಿ, ನೀವು ಕೊಬ್ಬರಿ ವ್ಯಾಪಾರಸ್ಥರು. ಒಣಗಿದ ಕಾಯಿ ಒಂದನ್ನ ಕಿವಿ ಹತ್ರ ಅಲ್ಲಾಡಿಸಿ, ಒಡೀದೇನೇ ಅಟ್ಟದಲ್ಲಿರೋ ಅಷ್ಟೂ ಕೊಬ್ಬರಿಗೆ ರೇಟು ಹೇಳ್ತೀರಿ. ಅಂಥೋರಿಗೆ ಒಂದು ಪುಸ್ತಕ ಆರಿಸಕ್ಕೆ ಬೇಸಿಗೆಯೆಲ್ಲ ಸಾಲ್ಲಿಲ್ವಾ? ನಿಮಗೆ ಪುಸ್ತಕ ಬೇಕಾಗಿಲ್ಲ. ಇನ್ನೇನು ಬೇಕು, ಬಾಯಿಬಿಟ್ಟು ಹೇಳಿ."

ಅವರ ಕಿವಿ ಕೆಂಪಾಯಿತು.

"ನೀವು ಮಾತ್ರ ಏನು ಕಮ್ಮಿ? ಮನೇಲಿ ಕಪಾಟು ತುಂಬಾ ಪುಸ್ತಕ ಇಟ್ಕಂಡು ವಾರಕ್ಕೊಂದೇ ತಂದ್ರಲ್ಲ, ಯಾಕೆ? ಎಲ್ಲಾನೂ ಒಂದೇ ಸಲ ತರಕ್ಕೆ ಏನಾಗಿತ್ತು?"

ಇಷ್ಟು ದಿನ ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ.

ಅಷ್ಟರಲ್ಲಿ ಸೌಂದರ್ಯ ಹೊರಗೆ ಬಂದಳು. ಕೈಯಲ್ಲಿ ನಾನು ಮೊದಲ ಸಲ ತಂದು ಇಲ್ಲೇ ಬಿಟ್ಟುಹೋಗಿದ್ದ ಪುಸ್ತಕ. ಪುಟಕ್ಕೆ ನಾಲ್ಕೇ ಲೆಕ್ಕ, ನಿಧಾನವಾಗಿ ನಡೆಯುವ ಪಾಠಗಳು.

"ಅಪ್ಪಾ, ನಂಗೆ ಇದೇ ಸಾಕು. ನೀನು ಬೇಡ ಅಂದ್ಮೇಲೂ ಮಾಡ್ತಾ ಇದ್ದೆ. ಋಣ ಸಂಖ್ಯೆ ಮುಗೀತು. ಸಮೀಕರಣ ಅರ್ಥ ಆಗ್ತಿಲ್ಲ. ನೀವಿಬ್ರೂ ಜಗಳ ಮುಗಿಸಿದ್ರೆ ಕೇಳಾನ ಅಂತ ಕಾಯ್ತಿದ್ದೆ."

ಪುಟ ತಿರುವಿದೆ. ಅಳಿಸಿ ಅಳಿಸಿ ಬರೆದಿದ್ದಳು, ಉತ್ತರಗಳು ಸರಿಯಿದ್ದವು. ನಮಗೆ ತಲೆ ಎತ್ತಲಾಗಲಿಲ್ಲ. "ಹಾಸ್ಟೆಲ್ ಮಾತು ನಾನು ಬುಟ್ಟೆ ಕಣಪ್ಪ," ಎಂದು ಒಳಗಿನಿಂದ ಅಜ್ಜಿಯ ದನಿ ಬಂತು. ಹುಡುಗಿ ನಗುತ್ತಾ ಒಳಗೋಡಿದಳು.

ನಾನು ಚಪ್ಪಲಿ ಮೆಟ್ಟಿದೆ. "ಪುಸ್ತಕ ಸಿಕ್ಕಿತು. ನನ್ನ ಕೆಲಸ ಮುಗೀತು."

"ಹೋಗ್ಬೇಡಿ." ಅವರು ದಾರಿಗಡ್ಡ ಬಂದರು. ದನಿಯಲ್ಲಿನ್ನೂ ಜಗಳವಿತ್ತು. "ನೀವು ಬರೋ ದಿನ ಬುಟ್ರೆ ಬೇರೆ ದಿನ ನಂಗೆ ಅನ್ನ ಸೇರಲ್ಲ. ನೀವಂದ್ರೆ ಇಷ್ಟ ಕಣ್ರೀ. ಬಾಳಾ ಇಷ್ಟ."

"ಇದನ್ನ ಮೊದಲ್ನೇ ದಿನ ಹೇಳಿದ್ರೆ ಮಗುವಿಗೆ ಒಂದು ಬೇಸಿಗೆ ಉಳೀತಿತ್ತು."

"ಹೇಳಿದ್ರೆ ಆಮೇಲೆ ಬತ್ತಿದ್ರಾ?"

"ಇಲ್ಲ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಚಪ್ಪಲಿ ಕಳಚಿ, ಅವರ ತೋಳು ಸವರಿಕೊಂಡೇ ಒಳಗೆ ನಡೆದೆ.

"ಸೌಂದರ್ಯಾ, ಸಮೀಕರಣದ ಪುಟ ತೆಗಿ," ಎಂದೆ, ಜಗಲಿಗೂ ಕೇಳಲಿ ಎಂದು ಗಟ್ಟಿಯಾಗಿ. "ಇವತ್ತು ಮುಗೀದಿದ್ರೆ ನಾಳೆ ಬತ್ತೀನಿ. ಮುಗಿದ್ರೂ ಬತ್ತೀನಿ."