ಕಿಟಕಿ ಗಾಜಿಗೆ ಹಿಡಿದ ಹಾಳೆ

"ಅದು ನನ್ನ ಶೀಟ್... ಕೆಳಗಿಡು."

ಸ್ಟುಡಿಯೋದ ಬಾಗಿಲಲ್ಲೇ ನಿಂತು ಅಮೂಲ್ಯಾ ಗದರಿದಳು. ಕಿಟಕಿಯ ಬಳಿ ಸಮಿತ್, ಅವಳ ಟ್ರೇಸಿಂಗ್ ಹಾಳೆಯನ್ನು ಎರಡೂ ಕೈಗಳಿಂದ ಗಾಜಿಗೆ ಒತ್ತಿ ಹಿಡಿದಿದ್ದ. ಮಧ್ಯಾಹ್ನದ ಬಿಸಿಲಿಗೆ ಅವಳ ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು.

ಆರ್ಕಿಟೆಕ್ಚರ್ ಹುಡುಗರು ಇನ್ನೊಬ್ಬರ ಹಾಳೆಯನ್ನು ಗಾಜಿಗೆ ಹಿಡಿಯುವುದು ಒಂದೇ ಕೆಲಸಕ್ಕೆ. ನಕಲು ಮಾಡಲು!

"ಅಮೂಲ್ಯಾ, ಒಮ್ಮೆ ಕೇಳು ಮಾರಾಯ್ತಿ... ನಿನ್ನ ಶೀಟ್ ಉಲ್ಟಾ ಬಂದಿದೆ. ಮಾಡೆಲ್‌ನಲ್ಲಿ ಖಾಡಿಯ ಹಿನ್ನೀರು ಬಲಕ್ಕುಂಟು, ಇಲ್ಲಿ ಎಡಕ್ಕುಂಟು."

"ನಾಳೆ ಜ್ಯೂರಿಗೆ ಪರೀಕ್ಷಕರು ಬರುತ್ತಾರೆ. ಇವತ್ತು ಕಾಣಿಸಿತಾ ನಿನಗೆ ನನ್ನ ತಪ್ಪು?"

"ನೀನು ಶೀಟ್ ತೋರಿಸಿದ್ದು ಯಾವಾಗ? ನಾಳೆ ಸ್ಲೋ ಲೋಕಲ್‌ನಲ್ಲಿ ಬಾ. ಮುಂಬ್ರಾ ದಾಟುವಾಗ ಬಿಚ್ಚಿ ನೋಡು."

ಅವಳು ಹಾಳೆಯನ್ನು ಕಸಿದುಕೊಂಡು ಸುತ್ತಿದಳು. 'ಹೆದರಿಸಿ, ಕೊನೇ ಗಳಿಗೆಯಲ್ಲಿ ನನ್ನ ಕೈಯಿಂದಲೇ ಕೆಲಸ ಹಾಳು ಮಾಡಿಸುವ ಉಪಾಯ... ಎಷ್ಟು ಜಾಣ!'

ನೇರವಾಗಿ ಮುರಾರಿ ಸರ್ ಕ್ಯಾಬಿನ್ನಿಗೆ ನಡೆದಳು. ಇಡೀ ಸೆಮಿಸ್ಟರ್ ಕಂಪ್ಯೂಟರ್ ಮುಟ್ಟಕೂಡದು, ಎಲ್ಲವನ್ನೂ ಕೈಯಲ್ಲೇ ಬರೆಯಬೇಕು ಎಂದು ನಿಯಮ ಮಾಡಿದ್ದವರು ಅವರೇ. ದೂರು ಕೇಳಿ ಸಮಿತ್‌ನನ್ನು ಕರೆಸಿದರು. ಹಾಳೆ ಗಾಜಿಗೆ ಹಿಡಿದದ್ದು ನಿಜವೇ ಎಂದರೆ ಹೌದೆಂದ. ಯಾಕೆ ಎಂದರೆ ಬಾಯಿ ಬಿಡಲಿಲ್ಲ.

"ಹಾಗಾದರೆ ನಾಳೆ ನೀನು ಜ್ಯೂರಿಗೆ ಕೂರುವಂತಿಲ್ಲ" ಎಂದರು ಸರ್.

ಅಂದರೆ ಒಂದು ಸೆಮಿಸ್ಟರ್ ನೀರುಪಾಲು. ಅಮೂಲ್ಯಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆದರೆ ಪಾಪ, ಕಾಮಾಲೆ ಅವಳಿಗೆ ಸುಮ್ಮನೆ ಬಂದದ್ದಲ್ಲ. ಹೋದ ಸೆಮಿಸ್ಟರಿನಲ್ಲಿ ಜೀವದ ಗೆಳತಿ ನಿಕಿತಾ, ಅಮೂಲ್ಯಾ ಯೋಚಿಸಿದ್ದ ಅಂಗಳದ ಕಲ್ಪನೆಯನ್ನು ಕದ್ದು ತನ್ನ ಹಾಳೆಯಲ್ಲಿ ಮೊದಲು ತೋರಿಸಿ ಹೊಗಳಿಸಿಕೊಂಡಿದ್ದಳು. ಅಂದಿನಿಂದ ಅಮೂಲ್ಯಾ ತನ್ನ ಹಾಳೆಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಈ ಸೆಮಿಸ್ಟರಿಗೆ ಬೇರೆ ಕಾಲೇಜಿನಿಂದ ಬಂದು ಪಕ್ಕದ ಮೇಜು ಹಿಡಿದವನು ಸಾನಪಾಡಾದ ಸಮಿತ್. ಇಬ್ಬರ ಮನೆಯವರೂ ಉಡುಪಿ ಕಡೆಯವರು. ಅವಳ ಅಪ್ಪ ಠಾಣೆ ಊರಿನ ವರ್ತಕ ನಗರದ ಹೋಟೆಲಿನಲ್ಲಿ ಮ್ಯಾನೇಜರು, ಅವನ ಅಪ್ಪನದು ಬ್ಯಾಂಕು ಕೆಲಸ. ಸ್ಟುಡಿಯೋದಲ್ಲಿ ಕನ್ನಡ ಬರುತ್ತಿದ್ದದ್ದು ಅವರಿಬ್ಬರಿಗೇ. ಸರ್ ಬೈದಾಗಲೆಲ್ಲ ಅವನು ಕನ್ನಡದಲ್ಲಿ ಗೊಣಗುತ್ತಿದ್ದ, ಅವಳು ನಗು ತಡೆಯಲಾರದೆ ಮೇಜಿನ ಕೆಳಗೆ ಬಗ್ಗುತ್ತಿದ್ದಳು.

ಮುಂಬ್ರಾದ ಗುಡ್ಡದ ಬುಡದಲ್ಲಿ ದುಡಿಯುವ ಹೆಂಗಸರಿಗೊಂದು ಹಾಸ್ಟೆಲ್, ಅದು ಅವಳ ಪ್ರಾಜೆಕ್ಟು. ಮಾಡೆಲಿಗೆ ಗೋಡೆ ಅಂಟಿಸುವಾಗ ಹಿಡಿದುಕೊಳ್ಳಲು ಅವನೇ ಬರುತ್ತಿದ್ದ. ಅವನ ಬೆರಳು ತಾಗಿದಾಗ ಎದೆ ಡವಗುಟ್ಟುತ್ತಿತ್ತು. ಆ ಕೂಡಲೇ ಒಳಗೊಂದು ದನಿ... 'ಇಷ್ಟು ಸಹಾಯ ಯಾಕೆ? ಏನು ಬೇಕು ಇವನಿಗೆ?'

ಮರುದಿನ ಬೆಳಿಗ್ಗೆ ಮನೆ ಹತ್ತಿರದ ಡೊಂಬಿವಲಿ ಸ್ಟೇಷನ್ನಿನಲ್ಲಿ, ಮುಂಬ್ರಾದಲ್ಲಿ ನಿಲ್ಲದ ಫಾಸ್ಟ್ ಲೋಕಲ್ ಎದುರಿಗೇ ನಿಂತಿತ್ತು. ಅವಳು ಹತ್ತಲಿಲ್ಲ. 'ಅವನು ಸುಳ್ಳ ಅಂತ ಖಾತ್ರಿ ಮಾಡಿಕೊಳ್ಳೋಣ' ಎಂದು ತನಗೇ ಹೇಳಿಕೊಂಡು ಸ್ಲೋ ಹಿಡಿದಳು.

ಮುಂಬ್ರಾ ಬಂತು. ಲೇಡೀಸ್ ಡಬ್ಬಿಯ ನೂಕಾಟದಲ್ಲೇ ಹಾಳೆಯನ್ನು ಅರ್ಧ ಬಿಚ್ಚಿದಳು. ಎಡಗಡೆ ಗುಡ್ಡ, ಬಲಗಡೆ ಖಾಡಿ. ಹಾಳೆಯಲ್ಲಿ ಎಡಗಡೆ ಖಾಡಿ, ಬಲಗಡೆ ಗುಡ್ಡ.

ತಪ್ಪು ಎಲ್ಲಾಯಿತೆಂದು ಅವಳಿಗೆ ಹೊಳೆಯಿತು. ಕಚ್ಚಾ ನಕ್ಷೆಯ ಹಾಳೆ ಪಾರದರ್ಶಕ. ಅದನ್ನು ಮಗುಚಿ ಹಾಕಿಕೊಂಡು ಅದರ ಮೇಲೇ ಕೊನೆಯ ಹಾಳೆಯನ್ನು ಇಟ್ಟು ಗೆರೆ ಎಳೆದುಬಿಟ್ಟಿದ್ದಳು. ಕಟ್ಟಡ, ಗುಡ್ಡ, ನೀರು ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲು! ಮಾಡೆಲ್ ಒಂದು ಬದಿ, ಹಾಳೆ ಇನ್ನೊಂದು ಬದಿ. ಹೀಗೇ ತೋರಿಸಿದ್ದರೆ ಜ್ಯೂರಿಯವರು ನಗುತ್ತಿದ್ದರು.

ಅವನು ಗಾಜಿಗೆ ಹಿಡಿದದ್ದು ಹಾಳೆಯನ್ನು ಮಗುಚಿ ನೋಡಲು... ನಕಲಿಗಲ್ಲ.

ತಿದ್ದುವ ದಾರಿಯೂ ಅಲ್ಲೇ ಹೊಳೆಯಿತು. ಹಾಳೆಯನ್ನು ಹಿಂದುಮುಂದು ಮಾಡಿದರೆ ನಕ್ಷೆ ಸರಿಯಾಗುತ್ತದೆ, ಅಕ್ಷರಗಳನ್ನು ಮಾತ್ರ ಬ್ಲೇಡಿನಿಂದ ಕೆರೆದು ಹೊಸದಾಗಿ ಬರೆಯಬೇಕು. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಯಾರಿಗೂ ಗೊತ್ತಾಗದಿದ್ದರೆ ಸಮಿತ್ ಕಳ್ಳನಾಗಿಯೇ ಉಳಿಯುತ್ತಾನೆ.

ಠಾಣೆ ಸ್ಟೇಷನ್ನಿನಲ್ಲಿ ಇಳಿದವಳು ಓಡುತ್ತಲೇ ಕಾಲೇಜು ಸೇರಿದಳು. ಸ್ಟುಡಿಯೋದಲ್ಲಿ ಎಲ್ಲರೂ ಇದ್ದರು. ಸಮಿತ್ ಖಾಲಿ ಮೇಜಿನ ಮುಂದೆ ಕೂತಿದ್ದ. ಅವಳು ಹಾಳೆಯನ್ನು ತನ್ನ ಮಾಡೆಲಿನ ಪಕ್ಕ ಹಾಸಿದಳು.

"ಸರ್, ತಪ್ಪು ನನ್ನದು. ನಾನೇ ಉಲ್ಟಾ ಟ್ರೇಸ್ ಮಾಡಿದ್ದೇನೆ. ಅದನ್ನು ತೋರಿಸಲು ಹೋಗಿ ಅವನು ಸಿಕ್ಕಿಬಿದ್ದ. ನಾನು ನಂಬಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ಹಾಳೆ ನೋಡಿದರು, ಮಾಡೆಲ್ ನೋಡಿದರು.

"ನಿನ್ನ ಮಾರ್ಕ್ಸ್ ಕಡಿಮೆಯಾಗುತ್ತದೆ, ಗೊತ್ತಲ್ಲ?"

"ಗೊತ್ತು ಸರ್."

"ಇಬ್ಬರೂ ಕೊನೆಯಲ್ಲಿ ಬನ್ನಿ. ಅಷ್ಟರಲ್ಲಿ ಸರಿಮಾಡು."

ಅವಳು ಹಾಳೆಯನ್ನು ಸಮಿತ್‌ನ ಮೇಜಿನ ಮೇಲೆ ತಂದಿಟ್ಟಳು. ತಲೆ ಎತ್ತಲಾಗಲಿಲ್ಲ.

"ಸಾರಿ... ಸರ್ ಕೇಳಿದಾಗ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ಸರ್‌ಗೆ ಆಗ್ಲೇ ತಪ್ಪು ಗೊತ್ತಾಗ್ತಿತ್ತು, ನಿನಗೆ ತಿದ್ಲಿಕ್ಕೆ ಚಾನ್ಸ್ ಸಿಗ್ತಿರ್ಲಿಲ್ಲ." ಹಾಳೆ ನೋಡುತ್ತಲೇ ಅಂದ, "ಬೇಜಾರಾಯ್ತು ಅಮೂಲ್ಯಾ. ಸುಳ್ಳು ಹೇಳುವುದಿಲ್ಲ. ತುಂಬಾ ಬೇಜಾರಾಯ್ತು."

ಅವಳ ಕಣ್ಣು ತುಂಬಿತು. ಅವನು ಬ್ಲೇಡ್ ತೆಗೆದು ಒಂದನ್ನು ಅವಳತ್ತ ಸರಿಸಿದ. ಇಬ್ಬರೂ ಬಗ್ಗಿ ಒಂದೊಂದೇ ಅಕ್ಷರ ಕೆರೆಯತೊಡಗಿದರು. ಸೆಮಿಸ್ಟರಿನಲ್ಲಿ ಮೊದಲ ಬಾರಿ ಅವಳ ಹಾಳೆಯ ಮೇಲೆ ಇನ್ನೊಬ್ಬರ ಕೈ ಓಡಾಡುತ್ತಿತ್ತು. ಅವಳು ತಡೆಯಲಿಲ್ಲ.

ಮೂಲೆಗೆ ಬಂದಾಗ ಅವನ ಬ್ಲೇಡ್ ನಿಂತಿತು.

"ನಿನ್ನ ಹೆಸರು ನೀನೇ ಕೆರೆ. ನನ್ನ ಕೈ ಬರುವುದಿಲ್ಲ."

"ಉಲ್ಟಾ ಕಾಣ್ತದಲ್ಲ, ಇಟ್ಟು ಎಂತ ಮಾಡುವುದು?"

"ಉಲ್ಟಾ ಇದ್ರೂ ನಾನು ಓದ್ತೇನೆ."

ಅವಳು ಬ್ಲೇಡ್ ಕೆಳಗಿಟ್ಟಳು. ಈ ಸಲ ಒಳಗಿನ ದನಿ ಏನನ್ನೂ ಕೇಳಲಿಲ್ಲ.

"ಸಮಿತ್... ನೀನಂದ್ರೆ ನನಗೆ ಇಷ್ಟ. ಹೇಳ್ಲಿಕ್ಕೆ ಹೆದರಿಕೆ ಆಗ್ತಿತ್ತು."

"ಈಗ ಹೆದರಿಕೆ ಇಲ್ವಾ?"

"ಉಂಟು. ಆದ್ರೂ ಹೇಳಿದೆ."

ಅವನು ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ಹೆದರಿಕೆ ಆದಾಗೆಲ್ಲ ನನ್ನನ್ನೇ ಕೇಳು" ಎಂದ. "ಎಷ್ಟು ಸಲ ಬೇಕಾದ್ರೂ ಕೇಳು."