ಅಂಗೈ ಬಿದ್ದ ಮೇಲಿನ ಮಾತು

"ಕತ್ತರಿ, ಇದು ನೀನು ಮಾಡಿದ್ದಾ?"

ಎಡಿಟ್ ರೂಮಿನ ಬಾಗಿಲು ತಳ್ಳಿಕೊಂಡು ಬಂದವನ ಬಾಯಿಂದ ನಾನು ಕಾದು ಕೂತಿದ್ದ ಮಾತು ಇದಲ್ಲ. ಹನ್ನೊಂದು ನಲವತ್ತೆರಡಕ್ಕೆ ಅವನ ಮೊಬೈಲಿಗೆ ನಾನೊಂದು "ಹೂಂ" ಕಳಿಸಿದ್ದೆ. ತಕ್ಷಣ ಎರಡು ನೀಲಿ ಗುರುತು ಬಿದ್ದಿದ್ದವು. ಆಮೇಲೆ ಸದ್ದಿಲ್ಲ. ಮದುವೆಗೆ ಹೂಂ ಅಂದವಳಿಗೆ ಮೂರು ತಾಸು ಉತ್ತರ ಕೊಡದವನನ್ನು ಏನು ಮಾಡಬೇಕು ಅಂತ ನಾನು ಆಗಲೇ ಎರಡು ಮೂರು ದಾರಿ ಯೋಚಿಸಿಟ್ಟಿದ್ದೆ.

"ಯಾವುದು?" ಅಂದೆ, ಕುರ್ಚಿ ತಿರುಗಿಸದೆ.

"ಕಂಡಕ್ಟರಮ್ಮನ ಕ್ಲಿಪ್ಪು."

ನಮ್ಮ ಚಾನೆಲ್ಲಿನ ಪರದೆಯ ಮೇಲೆ ಮಧ್ಯಾಹ್ನದಿಂದ ಅದೇ ಓಡುತ್ತಿತ್ತು. ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು, ಈಗ ಚುನಾವಣೆಗೆ ನಿಂತಿರುವ ಹೆಂಗಸು ಮೈಕಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು ಹೇಳುತ್ತಿದ್ದರು: "ಮುದುಕರಿಗೆ ಪುಕ್ಕಟೆ ಪಾಸ್ ಯಾಕ್ರೀ? ಹೋಗೋಕೂ ಕೆಲಸ ಇಲ್ಲ, ಬರೋಕೂ ಕೆಲಸ ಇಲ್ಲ. ಮನೇಲಿ ಬಿದ್ದಿರ್ಲಿ!" ಹನ್ನೊಂದು ಸೆಕೆಂಡು. ಕೆಳಗೆ ಕೆಂಪು ಪಟ್ಟಿ, ಜೊತೆಗೆ ಎದೆ ನಡುಗುವಂಥ ಮ್ಯೂಸಿಕ್ಕು.

"ನಾನೇ ಕತ್ತರಿಸಿದ್ದು. ನನ್ನ ಕೆಲಸ ಅದೇ ಅಲ್ವಾ?"

"ಅದರ ಮುಂದೆ ಅವರು ಏನು ಹೇಳಿದ್ರು, ನೋಡಿದ್ಯಾ?"

"ಮುಂದೆ ಏನಿದೆ?"

ಅವನು ನನ್ನ ಪಕ್ಕಕ್ಕೆ ಬಗ್ಗಿ ಮೌಸ್ ಕಿತ್ತುಕೊಂಡ. ಬಿಸಿಲಿನ ವಾಸನೆ, ಮೋಟುಗಡ್ಡ, ಮಾಸಿದ ನೀಲಿ ಅಂಗಿ. ಬೇರೆ ದಿನವಾಗಿದ್ದರೆ ಅಷ್ಟು ಹತ್ತಿರ ಬಂದದ್ದಕ್ಕೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಅವತ್ತೂ ಆಯಿತು, ಆದರೆ ಸಿಟ್ಟಿಗೆ ಅಂತ ನನಗೆ ನಾನೇ ಹೇಳಿಕೊಂಡೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಕತ್ತರಿ ಅನ್ನುತ್ತಾರೆ, ಅವನನ್ನು ಟ್ರೈಪಾಡ್. ಉದ್ದ, ತೆಳ್ಳಗೆ, ನಿಲ್ಲಿಸಿದ ಕಡೆ ಅಲುಗದೆ ನಿಲ್ಲುತ್ತಾನೆ. ವರದಿಗಾರನೂ ಅವನೇ, ಕ್ಯಾಮೆರಾ ಹಿಡಿಯುವವನೂ ಅವನೇ. ಒಂದು ತಾಸಿನ ಭಾಷಣ ಪೂರ್ತಿ ನೋಡುವ ಪುರುಸೊತ್ತು ನನ್ನಂಥ ಎಡಿಟರಿಗೆ ಇರುವುದಿಲ್ಲ. ಹಾಗಾಗಿ ಮುಖ್ಯವಾದ ಮಾತು ಮುಗಿದ ಕೂಡಲೇ ಅವನು ಲೆನ್ಸಿನ ಮೇಲೆ ಅಂಗೈ ಇಡುತ್ತಾನೆ. ನಾನು ಓಡಿಸುತ್ತಾ ಬರುತ್ತೇನೆ, ಅಂಗೈ ಕಂಡ ಕಡೆ ನಿಲ್ಲುತ್ತೇನೆ, ಅದರ ಹಿಂದಿನ ಮಾತನ್ನು ತೆಗೆದುಕೊಳ್ಳುತ್ತೇನೆ. ಐದು ನಿಮಿಷದ ಕೆಲಸ.

ಹೀಗಾಗಿ ಅವನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವನ ಅಂಗೈ. ಹೆಬ್ಬೆರಳ ಬುಡದ ಮಚ್ಚೆ, ಅಡ್ಡಕ್ಕೆ ಒಂದು ಹಳೆ ಗಾಯದ ಗೆರೆ. ಎರಡು ತಿಂಗಳಾದ ಮೇಲೆ ಆ ಅಂಗೈ ಮೇಲೆ ಪೆನ್ನಿನಲ್ಲಿ ಬರೆದ ಅಕ್ಷರ ಕಾಣಿಸತೊಡಗಿತು. "ಟೀ?" ಅಂತ ಒಂದು ದಿನ. "ಊಟ ಆಯ್ತಾ?" ಅಂತ ಇನ್ನೊಂದು ದಿನ. ಯಾವುದೋ ಮಂತ್ರಿ ಸೇತುವೆ ಉದ್ಘಾಟಿಸುವ ನಡುವೆ, ನನಗೊಬ್ಬಳಿಗೇ ಕಾಣುವ ಹಾಗೆ. ಎರಡು ದಿನದ ಹಿಂದೆ ಒಳಚರಂಡಿ ಕಾಮಗಾರಿಯ ಫುಟೇಜಿನಲ್ಲಿ ಬಂದಿತ್ತು: "ಮದುವೆ?" ನನ್ನ ಬಾಳಿನ ದೊಡ್ಡ ಪ್ರಶ್ನೆ ಒಳಚರಂಡಿಯ ಜೊತೆ ಬಂತಲ್ಲ ಅಂತ ನಗುತ್ತಲೇ ಎರಡು ದಿನ ಸತಾಯಿಸಿ, ಕೊನೆಗೆ ಹೂಂ ಅಂದಿದ್ದೆ.

ಈಗ ಅದೇ ಮನುಷ್ಯ ನನ್ನನ್ನು ಕಳ್ಳಿಯ ಹಾಗೆ ನೋಡುತ್ತಿದ್ದ.

"ನೋಡು," ಅಂತ ಫುಟೇಜ್ ಮುಂದಕ್ಕೆ ಬಿಟ್ಟ. ಜನ ಹೋ ಎಂದು ಕೂಗುತ್ತಿದ್ದರು. ಕಂಡಕ್ಟರಮ್ಮ ಕೂಗು ಅಡಗುವವರೆಗೆ ಕಾದರು. ಅವರಿಗೆ ನಾಟಕ ಮಾಡುವ ಚಾಳಿ ಮೊದಲಿನಿಂದ ಇದೆ. ಆಮೇಲೆ ದನಿ ಇಳಿಸಿದರು. "ಸಿಟ್ಟು ಬಂತಾ? ಬರಬೇಕು. ಹೋದ ವಾರ ನಗರಸಭೆ ಮೀಟಿಂಗಿನಲ್ಲಿ ಒಬ್ಬ ದೊಡ್ಡ ಮನುಷ್ಯರು ಈ ಮಾತು ಆಡಿದಾಗ ನನಗೂ ಬಂತು. ಆ ಪಾಸಿಗೆ ಕೈ ಹಾಕೋರು ಮೊದಲು ನನ್ನನ್ನ ದಾಟಿ ಹೋಗ್ಲಿ!"

ನಾನು ಅವನ ಕೈಯಿಂದ ಮೌಸ್ ವಾಪಸ್ ತೆಗೆದುಕೊಂಡು ಫುಟೇಜ್ ನಿಲ್ಲಿಸಿದೆ.

"ಬ್ರೇಕಿಂಗ್ ಸಾರ್ ಹೇಳಿದ್ರಾ ಹೀಗೆ ಕತ್ತರಿಸು ಅಂತ?" ಅವನ ದನಿ ಸಣ್ಣದಾಗಿತ್ತು. ಬ್ರೇಕಿಂಗ್ ಸಾರ್ ಅಂದರೆ ನಮ್ಮ ಸುದ್ದಿ ವಿಭಾಗದ ಮುಖ್ಯಸ್ಥರು.

"ಯಾರೂ ಹೇಳಿಲ್ಲ. ನಿನ್ನ ಅಂಗೈ ಹೇಳಿತು."

"ನಾನು ಅಲ್ಲಿ ಕೈ ಇಟ್ಟಿಲ್ಲ."

ಹಿಂದಕ್ಕೆ ಓಡಿಸಿ ತೋರಿಸಿದೆ. "ಮನೇಲಿ ಬಿದ್ದಿರ್ಲಿ" ಮುಗಿದದ್ದೇ ತಡ, ಪರದೆ ತುಂಬ ಅಂಗೈ. ಮಚ್ಚೆ, ಗಾಯದ ಗೆರೆ. ಬರಹ ಮಾತ್ರ ಇರಲಿಲ್ಲ.

ಅವನು ಅದನ್ನೇ ದಿಟ್ಟಿಸಿದ. ಮುಖದ ಬಣ್ಣ ಇಳಿಯಿತು. ಏನೋ ಹೇಳಲು ಬಾಯಿ ತೆರೆದು ನನ್ನ ಕಡೆ ನೋಡಿದ. ಆ ನೋಟದಲ್ಲಿ ನಾಚಿಕೆ ಇತ್ತೋ ಬೇಸರ ಇತ್ತೋ ತಿಳಿಯಲಿಲ್ಲ. ನಂತರ ಬಾಗಿಲು ಎಳೆದುಕೊಂಡು ಹೋದ. ಕ್ಷಮಿಸು ಅನ್ನಲಿಲ್ಲ. ನನ್ನ ಹೂಂಗೆ ಉತ್ತರವನ್ನೂ ಕೊಡಲಿಲ್ಲ.

ಬ್ರೇಕಿಂಗ್ ಸಾರ್ ಹತ್ತಿರ ನಾನೊಬ್ಬಳೇ ಹೋದೆ. ಪೂರ್ತಿ ತುಣುಕು ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡರು.

"ಏಳು ಲಕ್ಷ ಜನ ನೋಡಿದ್ದಾರಮ್ಮ."

"ತಪ್ಪಾಗಿ ನೋಡಿದ್ದಾರೆ ಸಾರ್."

"ಆಯಮ್ಮ ಅಷ್ಟು ಹೇಳಿದ್ದು ನಿಜ ತಾನೆ? ನಾವು ಒಂದು ಅಕ್ಷರ ಸೇರಿಸಿದ್ದೀವಾ?"

"ಬಿಟ್ಟಿದ್ದೀವಲ್ಲ."

"ಬಿಡದೆ ಸುದ್ದಿ ಆಗುತ್ತೇನಮ್ಮಾ?" ಅಂದು ನಕ್ಕರು. ನಾನು ನಗದೇ ನಿಂತಿದ್ದನ್ನು ನೋಡಿ ಮುಖ ಗಂಟಿಕ್ಕಿದರು. "ತಿದ್ದುಪಡಿ ಹಾಕಬೇಕು ಅಂದ್ರೆ ಯಾರ ತಪ್ಪು ಅಂತ ಸಹಿ ಮಾಡಿದ ಕಾಗದ ನನ್ನ ಮೇಜಿನ ಮೇಲಿರ್ಬೇಕು. ಚಾನೆಲ್ ತಪ್ಪು ಮಾಡಲ್ಲ, ಮನುಷ್ಯರು ಮಾಡ್ತಾರೆ. ಆ ಮನುಷ್ಯ ನಾಳೆಯಿಂದ ಇಲ್ಲಿ ಇರ್ತಾನಾ ಇಲ್ವಾ ಅಂತ ಆಮೇಲೆ ನೋಡೋಣ."

ಅವರ ಹಿಂದಿನ ಟಿವಿಯಲ್ಲಿ ಕಂಡಕ್ಟರಮ್ಮನ ಎದುರಾಳಿಯ ಜಾಹೀರಾತು ಬಂತು. ಆತನಿಗೆ ನಾವೆಲ್ಲ ಇಟ್ಟ ಹೆಸರು ಸೂಟು. ಹೋದ ವಾರ ಸೂಟು ಒಂದು ಸಭೆಯಲ್ಲಿ, "ಓಟು ಹಾಕದ ಬೀದಿಗೆ ನೀರು ಯಾಕೆ ಬಿಡ್ಬೇಕು?" ಅಂದಿದ್ದ. ನಮ್ಮ ಚಾನೆಲ್ಲಿನಲ್ಲಿ ಅದು ತಮಾಷೆ ಅಂತ ಹೋಯಿತು, ಹಿಂದೆ ಮೆಲ್ಲಗೆ ಪಿಯಾನೋ. ಆ ಪಿಯಾನೋ ಹಾಕಿದ ಕೈ ಯಾರದು ಅಂತ ನೆನಪಾಗಿ ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ.

ಸಂಜೆ ಮನೆಗೆ ಹೋದರೆ ಅಪ್ಪ ಟಿವಿ ಆರಿಸಿ ಕೂತಿದ್ದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರ ಆಸ್ತಿ ಅಂದರೆ ಒಂದು ಕೊಡೆ, ಒಂದು ಬಸ್ ಪಾಸು. ದಿನಾ ಎರಡು ಬಸ್ ಬದಲಾಯಿಸಿ ಲೈಬ್ರರಿಗೆ ಹೋಗಿ, ನಾಲ್ಕು ಜನ ಗೆಳೆಯರ ಜೊತೆ ಜಗಳ ಆಡಿ ಬರುತ್ತಾರೆ. ಪಾಸು ಮೇಜಿನ ಮೇಲಿತ್ತು.

"ಆ ಸಭೇಲಿ ನಾನೂ ಇದ್ದೆ ಮಗಳೇ. ಮೂರನೇ ಸಾಲು."

ನಾನು ಚೀಲ ಕೆಳಗಿಡುವುದನ್ನೂ ಮರೆತೆ.

"ಆಯಮ್ಮ ಆಮೇಲೆ ಏನಂದ್ಲು ಅಂತ ನನ್ನ ಕಿವಿಯಾರೆ ಕೇಳಿದೀನಿ. ಮನೆಗೆ ಬಂದು ನೋಡಿದ್ರೆ ನಿಮ್ಮ ಟಿವೀಲಿ ಬೇರೇನೇ ಬರ್ತಿದೆ. ಕೆಳಗಿನ ಮನೆಯವರಿಗೆ ಹೇಳಿದೆ, ನಂಬಲಿಲ್ಲ. ಟಿವೀಲಿ ಬಂದಿದೆಯಲ್ಲ ಅಂದ್ರು. ಕಣ್ಣಾರೆ ಕಂಡವನು ಸುಳ್ಳ, ಕತ್ತರಿಸಿದವರು ಸತ್ಯವಂತರು. ಯಾರಮ್ಮ ಕತ್ತರಿಸಿದ್ದು?"

ಉತ್ತರ ಅವರಿಗೆ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬರಲಿ ಅಂತ ಕಾದರು. "ನಾನೇ ಅಪ್ಪ," ಅಂದೆ.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತಟ್ಟೆ ಇಟ್ಟುಕೊಟ್ಟರು. ಬಡಿಸುತ್ತಾ ಅವರೇ ಅಂದರು: "ನಿನ್ನ ಆ ಉದ್ದನೆ ಹುಡುಗ ಇದ್ದಾನಲ್ಲ, ಅವನೂ ಸರಿ ಇದ್ದಾನೆ. ಆಯಮ್ಮ ಗಂಟಲು ಹರ್ಕೊಂಡು ಮಾತಾಡ್ತಿದ್ರೆ ಇವನು ಕ್ಯಾಮೆರಾ ಪಕ್ಕ ಮೊಬೈಲ್ ಹಿಡ್ಕೊಂಡು, ಅಷ್ಟಗಲ ಬಾಯಿ ತೆರ್ಕೊಂಡು ನಗ್ತಾ ನಿಂತಿದ್ದ. ಪರೀಕ್ಷೇಲಿ ಪಾಸಾದವನ ಹಾಗೆ."

ತುತ್ತು ತಟ್ಟೆಗೇ ಬಿಟ್ಟು ಕೈ ಒರೆಸಿಕೊಂಡೆ. ಮೊಬೈಲ್ ತೆಗೆದು ನೋಡಿದೆ. ಹೂಂ, ಹನ್ನೊಂದು ನಲವತ್ತೆರಡು. ಲ್ಯಾಪ್‌ಟಾಪಿನಲ್ಲಿ ಫುಟೇಜ್ ತೆರೆದು ಅಂಗೈ ಬಿದ್ದ ಜಾಗದ ಸಮಯ ನೋಡಿದೆ. ಹನ್ನೊಂದು ನಲವತ್ತೆರಡು.

ಅಯ್ಯೋ ಪೆದ್ದು ಮುಂಡೇದೆ, ಅಂದುಕೊಂಡೆ. ಯಾರಿಗೆ ಅಂದೆನೋ ಗೊತ್ತಿಲ್ಲ. ಇಬ್ಬರಿಗೂ ಸಲ್ಲುತ್ತಿತ್ತು.

ಮರುದಿನ ಬೆಳಗಿನ ಮೀಟಿಂಗಿಗೆ ನಾನು ಕಾಗದ ಬರೆದುಕೊಂಡು ಹೋದೆ. ಅವನು ಆಗಲೇ ಬ್ರೇಕಿಂಗ್ ಸಾರ್ ಎದುರು ನಿಂತಿದ್ದ. ಅವನ ಕಾಗದ ಮೇಜಿನ ಮೇಲಿತ್ತು.

"ಕರ್ತವ್ಯದ ವೇಳೆ ಮೊಬೈಲ್ ನೋಡುತ್ತಿದ್ದೆ," ಸಾರ್ ಜೋರಾಗಿ ಓದಿದರು. "ಗುರುತು ತಪ್ಪಾದ ಜಾಗದಲ್ಲಿ ಬಿದ್ದಿದೆ. ಎಡಿಟರ್ ಅವರ ತಪ್ಪಿಲ್ಲ." ಕನ್ನಡಕದ ಮೇಲಿಂದ ನೋಡಿದರು. "ಅಂಥ ಮೆಸೇಜು ಯಾರದಪ್ಪಾ?"

"ವೈಯಕ್ತಿಕ ಸಾರ್."

"ಎಡಿಟರ್ ತಪ್ಪೂ ಇದೆ ಸಾರ್," ಅಂದೆ ನಾನು ಹಿಂದಿನಿಂದ.

ಅವನು ತಿರುಗಿ, ಸುಮ್ಮನಿರೇ ಅಂತ ಕಣ್ಣಲ್ಲೇ ಗದರಿದ. ಆ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ನಾನು ಸುಮ್ಮನಿರುವ ಜಾತಿಯವಳಲ್ಲ ಅಂತ ಅವನಿಗೆ ಗೊತ್ತು.

"ಹೋದ ವಾರ ನೀರಿನ ಮಾತು ಬಂತಲ್ಲ ಸಾರ್, ಸೂಟಿಂದು. ಅಲ್ಲಿ ಅಂಗೈ ಸರಿಯಾಗಿಯೇ ಬಿದ್ದಿತ್ತು. ಆದ್ರೆ ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದೆ ಹೋಗಿ ಹುಡುಕಿದೆ. ಎರಡು ನಿಮಿಷ ಹುಡುಕಿ, ಅವರು ಎಲ್ಲೋ ನಕ್ಕ ಮೂರು ಸೆಕೆಂಡು ತಂದು ಅಂಟಿಸಿ, ಪಿಯಾನೋ ಹಾಕಿದೆ. ಯಾರೂ ಹೇಳಿರಲಿಲ್ಲ. ನಿಮಗೆ ಇಷ್ಟ ಆಗುತ್ತೆ ಅಂತ ನನ್ನ ಬೆರಳಿಗೇ ಗೊತ್ತಿತ್ತು. ಕಂಡಕ್ಟರಮ್ಮನ ಪಾಲಿಗೆ ಬಂದಾಗ ಹತ್ತು ಸೆಕೆಂಡು ಮುಂದೆ ನೋಡೋಕೆ ಅದೇ ಬೆರಳು ಏಳಲಿಲ್ಲ. ಇದನ್ನೆಲ್ಲ ಬರೆದು ಸಹಿ ಮಾಡಿದೀನಿ."

ಬ್ರೇಕಿಂಗ್ ಸಾರ್ ಅವನ ಕಾಗದ ಇಟ್ಟುಕೊಂಡರು. ನನ್ನದನ್ನು ಮಡಿಸಿ ವಾಪಸ್ ಕೊಟ್ಟರು. "ಇದು ನನಗೆ ಬೇಡ," ಅಂದರು. ಸೂಟಿನ ಹೆಸರಿದ್ದ ಕಾಗದ ಅವರಿಗೆ ಹೇಗೆ ಬೇಕಾದೀತು!

ತಿದ್ದುಪಡಿ ಮೂರನೇ ದಿನ ಮಧ್ಯಾಹ್ನ ಎರಡೂವರೆಗೆ, ಎರಡು ಜಾಹೀರಾತಿನ ನಡುವೆ ಬಂತು. ಪೂರ್ತಿ ನಲವತ್ತು ಸೆಕೆಂಡು. ನಡುವಿನ ಅಂಗೈಯನ್ನು ತೆಗೆಯಲು ಹೇಳಿದರು. ನಾನು ತೆಗೆಯಲಿಲ್ಲ, ಇನ್ನು ಇದನ್ನು ಕತ್ತರಿಸುವುದಿಲ್ಲ ಅಂತ ಹಟ ಹಿಡಿದೆ. ಮೂರು ಸಾವಿರ ಜನ ನೋಡಿದರು. ಹಳೆಯ ಹನ್ನೊಂದು ಸೆಕೆಂಡು ಅಷ್ಟರಲ್ಲಿ ಹತ್ತು ಲಕ್ಷ ದಾಟಿತ್ತು. ಟ್ರೈಪಾಡನ್ನು ಚುನಾವಣೆಯಿಂದ ಎತ್ತಿ ಹವಾಮಾನಕ್ಕೆ ಹಾಕಿದರು. ಮೋಡ ಚಿತ್ರೀಕರಿಸುವ ಕೆಲಸ.

ಅವತ್ತು ಆಫೀಸಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ಪಕ್ಕದಲ್ಲಿ ಕೂತೆ. ನಡುವೆ ಕ್ಯಾಮೆರಾ ಚೀಲ.

"ಕಂಡಕ್ಟರಮ್ಮನಿಗೆ ಫೋನ್ ಮಾಡಿದ್ದೆ," ಅಂದ. "ಬೈಲಿಲ್ಲ ಕಣೇ. 'ಆಯ್ತು ತಮ್ಮಾ' ಅಂದ್ರು ಅಷ್ಟೆ. ನಿನ್ನೆ ಬಸ್ಸಿನಲ್ಲಿ ಒಬ್ಬ ಅಜ್ಜ ಅವರನ್ನ ನೋಡಿ ಎದ್ದು ಬೇರೆ ಸೀಟಿಗೆ ಹೋಗಿ ಕೂತ್ರಂತೆ. ಅದನ್ನ ಹೇಳುವಾಗ ದನಿ ಒಡೀತು."

ಆಮೇಲೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಅವತ್ತು ಎಡಿಟ್ ರೂಮಿನಲ್ಲಿ ಯಾಕೆ ಹೇಳ್ಲಿಲ್ಲ? ನನ್ನ ಮೆಸೇಜ್ ಓದ್ತಾ ಇದ್ದೆ ಅಂತ?"

"ಹೇಗೆ ಹೇಳ್ಲಿ? ನಿನ್ನ ಹೂಂನಿಂದ ಹೀಗಾಯ್ತು ಅಂತ ಹೇಳೋದಾ? ಇದಕ್ಕೆ ಯಾಕಾದ್ರೂ ಹೂಂ ಅಂದ್ನೋ ಅಂತ ನೀನು ಅಂದ್ಕೊಂಡ್ರೆ?"

"ಅಂದ್ಕೊಂಡೆ. ಆ ಮೂರು ತಾಸು ಅದನ್ನೇ ಅಂದ್ಕೊಂಡೆ."

ಅವನು ನನ್ನ ಕಡೆ ನೋಡದೆ ತನ್ನ ಅಂಗೈ ನೋಡಿಕೊಂಡ. "ಆ ಕೈ ಅವರ ಮಾತಿಗೆ ಇಟ್ಟಿದ್ದಲ್ಲ ಕತ್ತರಿ. ಅವರ ಮಾತು ಮುಗಿದಿಲ್ಲ ಅಂತ ನನಗೆ ಗೊತ್ತಿತ್ತು. ಮೊಬೈಲ್ ನೋಡಿದೆ, ಹೂಂ ಅಂತ ಇತ್ತು. ಕೈ ತಾನಾಗೇ ಹೋಯ್ತು. ಮುಖ್ಯವಾದ ಮಾತು ಬಂದ್ರೆ ಲೆನ್ಸಿಗೆ ಕೈ ಹೋಗೋದು ಅಭ್ಯಾಸ ಆಗಿಬಿಟ್ಟಿದೆ. ನಿನ್ನ ಮಾತಿಗೆ ಇಟ್ಟ ಕೈ ಅದು."

ನನಗೆ ಅಳು ಬಂತು. ಸಿಟ್ಟೂ ಬಂತು. ಇಷ್ಟು ಚೆಂದದ ಮಾತು ಒಬ್ಬ ಹೆಂಗಸಿನ ಮಾನದ ಮೇಲೆ ಕಾಲಿಟ್ಟು ಬಂತಲ್ಲ ಅಂತ ಇನ್ನೂ ಸಿಟ್ಟು ಬಂತು. ಅವನ ಅಂಗೈ ಮೇಲೆ ಒಂದು ಏಟು ಕೊಟ್ಟೆ, ಆಮೇಲೆ ಅದನ್ನೇ ಹಿಡಿದುಕೊಂಡು ಕೂತೆ.

"ಇದನ್ನ ಸರಿಮಾಡದೆ ನಾನು ನಿನ್ನ ಮದುವೆ ಆಗಲ್ಲ," ಅಂದೆ.

"ಹತ್ತು ಲಕ್ಷ ಜನರಿಗೆ ಹೇಗೆ ಸರಿಮಾಡ್ತೀಯಾ?"

"ಅಪ್ಪನ್ನ ಕೇಳೋಣ."

ಅಪ್ಪ ಆಗಲೇ ಶುರು ಮಾಡಿದ್ದರು. ಆ ನಲವತ್ತು ಸೆಕೆಂಡನ್ನು ಮೊಬೈಲಿಗೆ ಹಾಕಿಸಿಕೊಂಡು, ದಿನಾ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ತೋರಿಸುತ್ತಿದ್ದರು. ಒಂದು ದಿನಕ್ಕೆ ಹದಿನಾಲ್ಕು ಜನ ಸಿಕ್ಕಿದ್ದೇ ದಾಖಲೆ. ಭಾನುವಾರ ನಾವಿಬ್ಬರೂ ಟಿಕೆಟ್ ತೆಗೆದುಕೊಂಡು ಅವರ ಜೊತೆ ಹತ್ತಿದೆವು. ಮತದಾನಕ್ಕೆ ಒಂಬತ್ತು ದಿನ ಇತ್ತು. ಲೆಕ್ಕ ಹಾಕಿದರೆ ಎದೆ ಒಡೆಯುತ್ತದೆ ಅಂತ ಅಪ್ಪ ಲೆಕ್ಕ ಹಾಕಬೇಡಿ ಅಂದರು.

ಹಿಂದಿನ ಬಾಗಿಲ ಹತ್ತಿರ ಕೂತಿದ್ದ ಒಬ್ಬ ಅಜ್ಜಿಯ ಕೈಗೆ ನಾನು ಮೊಬೈಲ್ ಕೊಟ್ಟೆ. ಟ್ರೈಪಾಡ್ ಮೇಲಿನ ಕಂಬಿ ಹಿಡಿದು ಬಗ್ಗಿ ನಿಂತಿದ್ದ. ಅವನ ಇನ್ನೊಂದು ಕೈ ನನ್ನ ಕೈಯಲ್ಲಿತ್ತು. ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. "ಮನೇಲಿ ಬಿದ್ದಿರ್ಲಿ" ಬಂತು. ಮುಖ ಸಿಂಡರಿಸಿದರು. ಅಂಗೈ ಬಿತ್ತು, ಪರದೆ ಕತ್ತಲಾಯಿತು. ಮುಗಿಯಿತು ಅಂದುಕೊಂಡು ಮೊಬೈಲ್ ವಾಪಸ್ ಚಾಚಿದರು.

"ಇರಿ ಅಜ್ಜಿ," ಅಂದೆವು ಇಬ್ಬರೂ ಒಟ್ಟಿಗೆ. "ಇನ್ನೂ ಇದೆ."